ಸಮುದ್ರಯಾನದ ಬಗ್ಗೆ ಒಳ್ಳೆ ಪುಸ್ತಕ ಹೇಳ್ತೀರಾ? ಯುದ್ಧದ ಪಟ್ಟಿ ಬೇಡ, ಹಡಗಿನೊಳಗಿನ ಬದುಕು ಬೇಕು

ಮಲೆನಾಡ್_ಮಳೆ:

ಎಲ್ರಿಗೂ ನಮಸ್ಕಾರ. ನಾನು ಸಾಗರದವ್ನು, ಹೆಸರಲ್ಲಿ ಮಾತ್ರ ಸಾಗರ, ನಮ್ಮ ಕಡೆ ನೀರು ಅಂದ್ರೆ ಶರಾವತಿ ಹಿನ್ನೀರು, ಸಿಗಂದೂರು ಲಾಂಚು, ಅಲ್ಲೂ ಈಗ ಸೇತುವೆ ಆಗೋಯ್ತು. ಹಡಗು ಹತ್ತಿದವ್ರು ನಮ್ಮನೇಲಿ ಯಾರೂ ಇಲ್ಲ. ಆದ್ರೂ ಇತ್ತೀಚೆಗೆ ಸಮುದ್ರದ ಪುಸ್ತಕದ ಹುಚ್ಚು ಹಿಡಿದಿದೆ.

ಶುರುವಾಗಿದ್ದು ಡೇವಿಡ್ ಗ್ರಾನ್ ಬರೆದ ದಿ ವೇಜರ್ ಇಂದ. 1740ರಲ್ಲಿ ಇಂಗ್ಲೆಂಡಿಂದ ಹೊರಟ ಹಡಗು, ಮುಂದಿನ ವರ್ಷ ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದ ಹತ್ರ ಒಂದು ದ್ವೀಪಕ್ಕೆ ಬಡಿದು ಒಡೆದೋಗುತ್ತೆ, ಉಳಿದವ್ರು ಹಸಿವಲ್ಲಿ ಒಬ್ರ ಮೇಲೊಬ್ರು ಬೀಳ್ತಾರೆ, ಕ್ಯಾಪ್ಟನ್ನೇ ಒಬ್ಬ ಮಿಡ್‌ಶಿಪ್‌ಮನ್‌ಗೆ ಗುಂಡು ಹೊಡೀತಾನೆ. ನಂಗೆ ಹಿಡಿಸಿದ್ದು ಅದಲ್ಲ, ಬದುಕಿ ಊರು ಸೇರಿದ ಗನ್ನರ್ ಬಲ್ಕ್ಲಿ 1743ರಲ್ಲೇ ತನ್ನ ಕಡೆ ಕಥೆ ಅಚ್ಚು ಹಾಕ್ಸಿ ಮಾರಿಬಿಡ್ತಾನೆ, ಕ್ಯಾಪ್ಟನ್ ಚೀಪ್ ಇನ್ನೂ ವಾಪಸ್ ಬಂದೇ ಇರಲ್ಲ! ಆಮೇಲೆ ಲ್ಯಾನ್ಸಿಂಗ್ ಅವರ ಎಂಡ್ಯೂರೆನ್ಸ್ ಓದಿದೆ, ಅಂಟಾರ್ಕ್ಟಿಕಾಗೆ ಹೋದ ಶ್ಯಾಕಲ್ಟನ್ ಹಡಗು ಹಿಮದಲ್ಲಿ ಸಿಕ್ಕಿ ನಜ್ಜುಗುಜ್ಜಾಗಿ, ಕೊನೆಗೆ ಆರು ಜನ ಒಂದು ಸಣ್ಣ ದೋಣೀಲಿ 1916ರಲ್ಲಿ ಸೌತ್ ಜಾರ್ಜಿಯಾ ದ್ವೀಪ ತಲುಪಿ, ಸಹಾಯ ತಂದು, ಇಡೀ 28 ಜನಾನೂ ಬದುಕಿದ್ದು. ರಾತ್ರಿ ಎರಡರ ತನಕ ಓದಿ ಬೆಳಗ್ಗೆ ಆಫೀಸ್ ಮೀಟಿಂಗಲ್ಲಿ ತೂಕಡಿಕೆ.

ಈಗ ಮುಂದೆ ಏನು? ನೌಕಾಯುದ್ಧದ ಪುಸ್ತಕ ಒಂದೆರಡು ನೋಡಿದೆ, ಯಾವ ಹಡಗಲ್ಲಿ ಎಷ್ಟು ತೋಪು ಅನ್ನೋ ಲೆಕ್ಕ ನಂಗೆ ಬೇಡ. ಹಡಗು ಹೇಗೆ ಓಡ್ತಿತ್ತು, ದಾರಿ ಹೇಗೆ ಗೊತ್ತಾಗ್ತಿತ್ತು, ಏನು ತಿಂತಿದ್ರು, ಸಂಬಳ ಎಷ್ಟು, ಇಂಥದ್ದು ಬೇಕು. ಇನ್ನೊಂದು, ನಮ್ಮ ಕರಾವಳಿ ಬರೋ ಪುಸ್ತಕ ಇದ್ರೆ ದಯವಿಟ್ಟು ಹೇಳಿ, ಹೊನ್ನಾವರ ಭಟ್ಕಳ ಬಸ್ರೂರು ಅಂತ ದೊಡ್ಡ ದೊಡ್ಡ ಬಂದರು ಇತ್ತು ಅಂತ ಸ್ಕೂಲಲ್ಲಿ ಒಂದು ಸಾಲು ಓದಿದ್ದಷ್ಟೇ. ಕನ್ನಡದಲ್ಲಿ ಏನಾದ್ರೂ ಇದ್ರೆ ಇನ್ನೂ ಖುಷಿ.

---

ಹಳೇ_ಸೆಕ್ಸ್ಟಂಟ್:

ಮರ್ಚೆಂಟ್ ನೇವಿಲಿ ಡೆಕ್ ಸೈಡಲ್ಲಿ ಇದ್ದು ರಿಟೈರ್ ಆದವ್ನು ನಾನು, ಸಮುದ್ರದ ಪುಸ್ತಕ ಯಾರು ಕೊಟ್ರೂ ಮೊದಲು ನೋಡೋದು ಬರೆದವ್ನಿಗೆ ಹಡಗಿನ ಕೆಲಸ ಗೊತ್ತಾ ಇಲ್ವಾ ಅಂತ. ನಿಮ್ಮ "ದಾರಿ ಹೇಗೆ ಗೊತ್ತಾಗ್ತಿತ್ತು" ಪ್ರಶ್ನೆಗೆ ಎಲ್ರೂ ಹೇಳೋ ಉತ್ತರ ಡಾವಾ ಸೊಬೆಲ್ ಅವರ ಲಾಂಜಿಟ್ಯೂಡ್, 1995ರದ್ದು, ಸಣ್ಣ ಪುಸ್ತಕ, ಒಂದು ವೀಕೆಂಡಲ್ಲಿ ಮುಗಿಯುತ್ತೆ. ವಿಷಯ ಏನಂದ್ರೆ, ಉತ್ತರ ದಕ್ಷಿಣ ಎಷ್ಟಿದೀವಿ ಅಂತ ಕಂಡ್ಕೊಳೋದು ಕಷ್ಟ ಅಲ್ಲ, ಮಧ್ಯಾಹ್ನ ಸೂರ್ಯನ ಎತ್ತರ ಅಳೆದ್ರೆ ಅಕ್ಷಾಂಶ ಸಿಕ್ತು. ಪೂರ್ವ ಪಶ್ಚಿಮಕ್ಕೆ ಟೈಮ್ ಬೇಕು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತೆ, ಹಾಗಾಗಿ ಗಡಿಯಾರ 4 ನಿಮಿಷ ತಪ್ಪಿದ್ರೆ ನೀವು ಒಂದು ಡಿಗ್ರಿ ತಪ್ಪಿದಂಗೆ, ಸಮಭಾಜಕ ವೃತ್ತದ ಹತ್ರ ಅದು 60 ನಾಟಿಕಲ್ ಮೈಲಿ, ಅಂದ್ರೆ ಸುಮಾರು 111 ಕಿಲೋಮೀಟರ್. ಬಂಡೆ ಎಲ್ಲಿದೆ ಅಂತ ಗೊತ್ತಿದ್ದೂ ನೀವೆಲ್ಲಿದೀರಿ ಅಂತ ಗೊತ್ತಿಲ್ದೇ ಇದ್ರೆ ಏನು ಪ್ರಯೋಜನ? 1707ರಲ್ಲಿ ಬ್ರಿಟಿಷ್ ನೇವಿಯ ನಾಲ್ಕು ಹಡಗು ಸಿಲಿ ದ್ವೀಪಗಳ ಬಂಡೆಗೆ ಬಡಿದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ 1714ರಲ್ಲಿ ಪಾರ್ಲಿಮೆಂಟು 20,000 ಪೌಂಡ್ ಬಹುಮಾನ ಇಟ್ಟಿದ್ದು. ಜಾನ್ ಹ್ಯಾರಿಸನ್ ಅಂತ ಒಬ್ಬ ಬಡಗಿ, ಗಡಿಯಾರ ಮಾಡೋದು ತಾನೇ ಕಲಿತವ್ನು, ಜೀವಮಾನ ಪೂರ್ತಿ ಅದಕ್ಕೇ ತೇದ. ಅವನ ನಾಲ್ಕನೇ ಗಡಿಯಾರ 1761ರಲ್ಲಿ ಜಮೈಕಾಗೆ ಹೋಗೋ ಹಡಗು ಹತ್ತಿ 81 ದಿನಕ್ಕೆ 5 ಸೆಕೆಂಡು ಮಾತ್ರ ಹಿಂದೆ ಬಿದ್ದಿತ್ತು. ಬರೀ 5 ಸೆಕೆಂಡ್ರೀ!

ಆದ್ರೆ ಆ ಪುಸ್ತಕದಲ್ಲಿ ನಂಗೊಂದು ತಕರಾರಿದೆ. ಹ್ಯಾರಿಸನ್ ಹೀರೋ ಆಗ್ಬೇಕು ಅಂತ ಖಗೋಳಶಾಸ್ತ್ರಿ ಮ್ಯಾಸ್ಕಲೈನ್‌ನ ಪೂರಾ ವಿಲನ್ ಮಾಡಿಬಿಟ್ಟಿದಾರೆ. ಚಂದ್ರನಿಗೂ ನಕ್ಷತ್ರಕ್ಕೂ ಇರೋ ದೂರ ಅಳೆದು ಟೈಮ್ ಕಂಡುಹಿಡಿಯೋ ಅವನ ವಿಧಾನ ಸೋತ ಕುದುರೆ ಏನಲ್ಲ, ಕ್ರೋನೋಮೀಟರ್ (ಹಡಗಿನ ನಿಖರ ಗಡಿಯಾರ) ಬೆಲೆ ಕೈಗೆ ಸಿಗೋ ತನಕ ಎಷ್ಟೋ ಹಡಗು ದಾರಿ ಕಂಡಿದ್ದು ಅದ್ರಲ್ಲೇ. ಅದಕ್ಕೇ ಲಾಂಜಿಟ್ಯೂಡ್ ಮುಗಿಸಿದ ತಕ್ಷಣ ಜೋಶುವಾ ಸ್ಲೋಕಮ್ ಬರೆದ ಸೇಲಿಂಗ್ ಅಲೋನ್ ಅರೌಂಡ್ ದಿ ವರ್ಲ್ಡ್ ಓದಿ. 1895ರಲ್ಲಿ ಬಾಸ್ಟನ್ ಬಿಟ್ಟು 1898ರಲ್ಲಿ ಅಮೆರಿಕಕ್ಕೇ ವಾಪಸ್ ಬಂದ, ಒಬ್ಬನೇ ದೋಣೀಲಿ ಭೂಮಿ ಸುತ್ತಿದವ್ರಲ್ಲಿ ಮೊದಲನೆಯವ್ನು. ಈಜು ಬರ್ತಿರ್ಲಿಲ್ಲ! ಕ್ರೋನೋಮೀಟರ್ ಸರಿ ಮಾಡ್ಸೋಕೆ 15 ಡಾಲರ್ ಕೇಳಿದ್ರು ಅಂತ ಅದನ್ನ ಊರಲ್ಲೇ ಬಿಟ್ಟು, ದಾರೀಲಿ ಒಂದು ತಗಡಿನ ಗಡಿಯಾರ ಕೊಂಡ, ಅಂಗಡಿಯವ್ನು ಹೇಳಿದ್ದು ಒಂದೂವರೆ ಡಾಲರು, ಮುಖ ಒಡೆದಿತ್ತು ಅಂತ ಒಂದಕ್ಕೆ ಇಳಿಸ್ಕೊಂಡ. ಪೆಸಿಫಿಕ್ ನಡುವೆ ಚಂದ್ರನ ಲೆಕ್ಕ ಹಾಕಿ ನೋಡಿದ್ರೆ ಉತ್ತರ ಹೊಂದ್ತಿಲ್ಲ, ಕೊನೆಗೆ ಅಚ್ಚಾದ ಟೇಬಲಲ್ಲೇ ಒಂದು ಅಂಕಿ ತಪ್ಪಿದೆ ಅಂತ ಪತ್ತೆ ಮಾಡಿ ತಿದ್ದಿಕೊಂಡು ಮುಂದೆ ಹೋದ. ಹಳೇ ವಿಧಾನ ಗೊತ್ತಿದ್ದವ್ನ ಗತ್ತು ಅಂದ್ರೆ ಅದು. ನಮ್ಮ ಕಾಲದಲ್ಲಿ ಸೆಕ್ಸ್ಟಂಟಲ್ಲಿ ನಕ್ಷತ್ರದ ಎತ್ತರ ಅಳೆದು ಲೆಕ್ಕ ಮಾಡಿ ಚಾರ್ಟ್ ಮೇಲೆ ಚುಕ್ಕಿ ಇಡುವಾಗ ಕೈ ನಡುಗ್ತಿತ್ತು, ಈಗಿನ ಹುಡುಗರು ಸ್ಕ್ರೀನ್ ನೋಡಿ ಟೀ ಕುಡೀತಾರೆ, ಹೋಗ್ಲಿ ಬಿಡಿ, ಆ ಮಾತು ಬೇಡ.

ಹಗ್ಗ ಎಳೆಯೋರ ಬದುಕು ಬೇಕು ಅಂದ್ರೆ ರಿಚರ್ಡ್ ಹೆನ್ರಿ ಡಾನಾ, ಟೂ ಇಯರ್ಸ್ ಬಿಫೋರ್ ದ ಮಾಸ್ಟ್, 1840ರದ್ದು. ಹಾರ್ವರ್ಡಲ್ಲಿ ಓದ್ತಿದ್ದ ಹುಡುಗ, ದಡಾರ ಬಂದು ಕಣ್ಣು ಮಂಕಾಯ್ತು ಅಂತ ಓದು ಬಿಟ್ಟು ಸಾಮಾನ್ಯ ನಾವಿಕನಾಗಿ ಸೇರ್ದ. ಕ್ಯಾಲಿಫೋರ್ನಿಯಾ ತೀರದಲ್ಲಿ ಒಣಗಿಸಿದ ದನದ ಚರ್ಮ ತಲೆ ಮೇಲೆ ಹೊತ್ತು ಅಲೆಯೊಳಗೆ ನಡೆದು ದೋಣಿ ತುಂಬೋದು, ಕ್ಯಾಪ್ಟನ್ ಇಬ್ಬರು ನಾವಿಕರಿಗೆ ಚಾಟಿ ಏಟು ಹೊಡೆಯೋದು, ಎಲ್ಲಾ ಕಣ್ಣಾರೆ ಕಂಡು ಬರೆದಿದ್ದು. ವಾಪಸ್ ಬಂದು ಲಾಯರ್ ಆಗಿ ನಾವಿಕರ ಪರವಾಗಿ ವಾದ ಮಾಡ್ದ. ಎರಿಕ್ ನ್ಯೂಬಿ ಅವರ ದಿ ಲಾಸ್ಟ್ ಗ್ರೇನ್ ರೇಸ್ ಕೂಡ ಅದೇ ಜಾತಿ, 1938ರಲ್ಲಿ 18 ವರ್ಷದ ಹುಡುಗ ನಾಲ್ಕು ಪಟಸ್ತಂಭದ ಹಾಯಿಹಡಗಲ್ಲಿ ಆಸ್ಟ್ರೇಲಿಯಾಗೆ ಹೋಗಿ ಗೋಧಿ ತುಂಬ್ಕೊಂಡು ಬಂದಿದ್ದು, ಆದ್ರೆ ಇದ್ರಲ್ಲಿ ನಗು ಜಾಸ್ತಿ. ಸ್ಲೋಕಮ್ಮೂ ಡಾನಾನೂ ಗುಟೆನ್‌ಬರ್ಗಲ್ಲಿ (ಹಳೇ ಪುಸ್ತಕದ ವೆಬ್‌ಸೈಟು) ಫ್ರೀ, ದುಡ್ಡು ಹಾಕ್ಬೇಡಿ.

---

ಪುಸ್ತಕದ_ಹುಳ:

ಮೇಲಿನವ್ರು ದೊಡ್ಡದಾಗಿ ಬರೆದಿದಾರೆ, ನಾನು ಚಿಕ್ಕದಾಗಿ. ವೇಜರ್ ಇಷ್ಟ ಆಗಿದ್ರೆ ನಥಾನಿಯಲ್ ಫಿಲ್‌ಬ್ರಿಕ್ ಅವರ ಇನ್ ದ ಹಾರ್ಟ್ ಆಫ್ ದ ಸೀ ಕಣ್ಣು ಮುಚ್ಚಿ ತಗೊಳಿ. 1820ರಲ್ಲಿ ಎಸೆಕ್ಸ್ ಅನ್ನೋ ತಿಮಿಂಗಿಲ ಬೇಟೆ ಹಡಗಿಗೆ ತಿಮಿಂಗಿಲಾನೇ ಗುದ್ದಿ ಮುಳುಗಿಸಿದ್ದು, 20 ಜನರಲ್ಲಿ 8 ಜನ ಉಳಿದಿದ್ದು, ಮೋಬಿ ಡಿಕ್‌ಗೆ ಬೀಜ ಬಿದ್ದಿದ್ದು ಈ ಕಥೆಯಿಂದಾನೇ. ಊಟ ಮಾಡ್ತಾ ಓದ್ಬೇಡಿ, ಹಸಿದವ್ರು ಏನೇನು ತಿಂದ್ರು ಅಂತ ಗೊತ್ತಾದಾಗ ಬೈತೀರಿ.

ಮತ್ತೆ ಥಾರ್ ಹೈಯರ್‌ಡಾಲ್ ಅವರ ಕಾನ್‌ಟಿಕಿ. 1947ರಲ್ಲಿ ಬಾಲ್ಸಾ ಮರದ ತೆಪ್ಪದ ಮೇಲೆ ಆರು ಜನ ಪೆರುವಿನಿಂದ ಪಾಲಿನೇಷ್ಯಾಗೆ 101 ದಿನ. ನನ್ನ ಪ್ರಕಾರ ಸಮುದ್ರದ ಬೆಸ್ಟ್ ಪುಸ್ತಕ ಅದೇ, ವಾದ ಬೇಡ.

---

ಕುಡ್ಲದ_ಓದುಗ:

ನಮ್ಮ ಕರಾವಳಿ ಕೇಳಿದ್ರಲ್ಲ, ಅದಕ್ಕೆ ಒಂದೇ ಪುಸ್ತಕ ಹೇಳಿ ಅಂದ್ರೆ ಅಮಿತಾವ್ ಘೋಷ್ ಅವರ ಇನ್ ಆನ್ ಆಂಟಿಕ್ ಲ್ಯಾಂಡ್ ಮಾರ್ರೆ, 1992ರದ್ದು. ಕಾದಂಬರಿ ಥರ ಓದಿಸ್ಕೊಂಡು ಹೋಗ್ತದೆ, ಆದರೆ ಕಾದಂಬರಿ ಅಲ್ಲ. ಕೈರೋದ ಒಂದು ಹಳೆ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಬರೆದ ಕಾಗದ ಎಸೀಬಾರದು ಅಂತ ನೂರಾರು ವರ್ಷ ಒಂದು ಕೋಣೆಗೆ ತುಂಬ್ತಾ ಬಂದಿದ್ದರು, ಅದರೊಳಗೆ ವ್ಯಾಪಾರಿಗಳ ಪತ್ರಗಳೂ ಇದ್ದವು. ಅದ್ರಲ್ಲಿ ಅಬ್ರಹಾಂ ಬೆನ್ ಯಿಜು ಅಂತ ಒಬ್ಬ, ಇವತ್ತಿನ ಟುನೀಶಿಯಾ ಕಡೆಯವ, 12ನೇ ಶತಮಾನದಲ್ಲಿ ಹದಿನೇಳು ಹದಿನೆಂಟು ವರ್ಷ ಮಂಗಳೂರಲ್ಲಿ ಇದ್ದ. ಇಲ್ಲಿ ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ, ಏಡನ್‌ಗೆ ಕಾಳುಮೆಣಸು, ಅಡಿಕೆ, ಕಬ್ಬಿಣ ಕಳಿಸ್ತಿದ್ದ, ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ತರಿಸ್ತಿದ್ದ. ಅಡಿಕೆ ಆಗಲೂ ರಫ್ತು ಉಂಟು ನೋಡಿ, ಸಾಗರದವರು ಕೇಳಿಸ್ಕೊಳ್ಳಿ.

ಆದರೆ ಪುಸ್ತಕದ ಜೀವ ಬೆನ್ ಯಿಜು ಅಲ್ಲ, ಅವನ ಆಳು ಬೊಮ್ಮ. ತುಳುನಾಡಿನ ಹುಡುಗ, ಯಜಮಾನನ ಪರವಾಗಿ ಏಡನ್‌ಗೆ ಸಮುದ್ರ ದಾಟಿ ಹೋಗಿ ವ್ಯವಹಾರ ಮಾಡಿ ಬರ್ತಿದ್ದವ, ಅಲ್ಲಿ ಕುಡಿದು ದುಡ್ಡಿಗೆ ಕಾಟ ಕೊಟ್ಟದ್ದೂ ಪತ್ರದಲ್ಲಿ ಬರ್ತದೆ. ರಾಜರ ಶಾಸನದಲ್ಲಿ ಇಂಥವನ ಹೆಸರು ಯಾರು ಕೆತ್ತಿಸ್ತಾರೆ? ಪತ್ರದಲ್ಲಿ ಮೂರ್ನಾಲ್ಕು ಅಕ್ಷರ ಮಾತ್ರ ಇದ್ದ ಆ ಹೆಸರನ್ನು ಹೇಗೆ ಓದಬೇಕು ಅಂತ ಘೋಷ್‌ಗೆ ದಾರಿ ತೋರಿಸಿದ್ದು ನಮ್ಮ ಪ್ರೊ. ಬಿ.ಎ. ವಿವೇಕ ರೈ. ಮೂಲ ಪತ್ರಗಳೇ ಬೇಕು ಅಂದ್ರೆ ಗೊಯ್ಟೈನ್ ಮತ್ತು ಫ್ರೀಡ್‌ಮನ್ ಅವರ ಇಂಡಿಯಾ ಟ್ರೇಡರ್ಸ್ ಆಫ್ ದ ಮಿಡಲ್ ಏಜಸ್ ಉಂಟು, ದಪ್ಪ, ದುಬಾರಿ, ಲೈಬ್ರರೀಲಿ ಸಿಕ್ಕಿದ್ರೆ ನೋಡಿ ಅಷ್ಟೇ.

ಆಮೇಲೆ ಪ್ರವಾಸಿಗಳು. ಇಬ್ನ್ ಬತೂತ 1340ರ ದಶಕದಲ್ಲಿ ಹೊನ್ನಾವರದಲ್ಲಿ ಉಳಿದಿದ್ದ, ಅಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ನೋಡಿದೆ ಅಂತ ಬರೀತಾನೆ. ಕಲ್ಲಿಕೋಟೆಯಲ್ಲಿ ಅವನು ಶುಕ್ರವಾರದ ನಮಾಜಿಗೆ ಅಂತ ದಡದಲ್ಲೇ ಉಳಿದ, ಚೀನಾ ದೊರೆಗೆ ದೆಹಲಿ ಸುಲ್ತಾನ ಕಳಿಸಿದ ಉಡುಗೊರೆ ತುಂಬಿದ್ದ ಹಡಗು ಬಿರುಗಾಳಿಗೆ ಸಿಕ್ಕಿ ಒಡೆದೇ ಹೋಯ್ತು.

ವಾಸ್ಕೋ ಡ ಗಾಮನ ಮೊದಲ ಯಾನದ ದಿನಚರಿ ಕೂಡ ಓದಬೇಕು, ರೇವನ್‌ಸ್ಟೈನ್ ಇಂಗ್ಲಿಷಿಗೆ ತಂದದ್ದು 1898ರಲ್ಲಿ. ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು ಬಂದ ಕಥೆ ಮಾತ್ರ, ಹೋದ ಕಥೆ ಯಾರೂ ಹೇಳಲಿಲ್ಲ. ಬರುವಾಗ ಪೂರ್ವ ಆಫ್ರಿಕಾದ ಮಲಿಂದಿಯಿಂದ ದಾರಿ ತೋರಿಸುವ ಪೈಲಟ್ ಇದ್ದ, ಗಾಳಿ ಬೆನ್ನಿಗಿತ್ತು, ಮೂರೂವರೆ ವಾರದಲ್ಲಿ ಕಲ್ಲಿಕೋಟೆ. ಹೋಗುವಾಗ ಗಾಳಿ ತಿರುಗುವ ತನಕ ಕಾಯುವ ತಾಳ್ಮೆ ಇಲ್ಲ, ಕಾರವಾರದ ಎದುರಿನ ಅಂಜುದೀವ ದ್ವೀಪದಲ್ಲಿ ಹಡಗು ತಿಕ್ಕಿ ತೊಳೆದು 1498ರ ಅಕ್ಟೋಬರ್ 5ಕ್ಕೆ ಹೊರಟರು. ಆಫ್ರಿಕಾ ಕಾಣ್ಲಿಕ್ಕೆ ಮೂರು ತಿಂಗಳಿಗೆ ಮೂರು ದಿನ ಕಡಿಮೆ. ವಸಡು ಊದಿ 30 ಜನ ಸತ್ತರು, ಒಂದೊಂದು ಹಡಗಲ್ಲಿ ಕೆಲಸ ಮಾಡಲಿಕ್ಕೆ ಆಗುವವರು ಏಳೆಂಟು ಜನ ಉಳಿದರು. ಮಳೆಗಾಲದ ಗಾಳಿ ಲೆಕ್ಕ ನಮ್ಮ ಮಲ್ಪೆಯ ಯಾವ ಮೀನುಗಾರನನ್ನು ಕೇಳಿದ್ದರೂ ಹೇಳ್ತಿದ್ದ. ಮಲಿಂದಿಯ ಆ ಪೈಲಟ್ ಇಬ್ನ್ ಮಾಜಿದ್ ಅಂತ ವಾಟ್ಸಾಪಲ್ಲಿ ಬರ್ತದೆ, ಇತಿಹಾಸಕಾರರು ಈಗ ಒಪ್ಪುವುದಿಲ್ಲ, ಪೋರ್ಚುಗೀಸ್ ಚರಿತ್ರೆಕಾರ ಬಾರೋಸ್ ಹೇಳುವ ಪ್ರಕಾರ ಅವ ಒಬ್ಬ ಗುಜರಾತಿ.

ನಿಮ್ಮ ಊರಿನ ಹತ್ತಿರದ್ದೇ ಬೇಕಾ? ಪಿಯೆತ್ರೋ ದೆಲ್ಲಾ ವಾಲೆ, ಇಟಲಿಯವ, 1623ರಲ್ಲಿ ಗೋವಾದಿಂದ ಪೋರ್ಚುಗೀಸ್ ರಾಯಭಾರಿ ಜೊತೆ ಹಡಗು ಹತ್ತಿ ಹೊನ್ನಾವರ, ಅಲ್ಲಿಂದ ಹೊಳೆಯಲ್ಲಿ ಗೇರುಸೊಪ್ಪೆ, ಘಟ್ಟ ಹತ್ತಿ ಇಕ್ಕೇರಿಗೆ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದ. ದಾರೀಲಿ ಒಂದು ದೇವಸ್ಥಾನದಲ್ಲಿ ಮಕ್ಕಳು ನೆಲದ ಮೇಲೆ ಮರಳು ಹರಡಿ ಬೆರಳಲ್ಲಿ ಬರೆದು, ಹಾಡ್ತಾ ಹಾಡ್ತಾ ಲೆಕ್ಕ ಕಲಿಯುವುದನ್ನ ನಿಂತು ನೋಡಿ ಬರೆದಿಟ್ಟಿದ್ದಾನೆ. ಆಮೇಲೆ ಮಂಗಳೂರಿಗೆ ಬಂದು ಉಳ್ಳಾಲದ ರಾಣಿಯನ್ನು ಭೇಟಿ ಮಾಡಿದ, ಅವಳು ಬರಿಗಾಲಲ್ಲಿ ನಿಂತು ಕಾಲುವೆ ತೋಡಿಸ್ತಾ ಇದ್ದಳು, ನೋಡಿದ್ರೆ ಅಡುಗೆಯವಳ ಹಾಗೆ, ಮಾತಾಡಿದ್ರೆ ರಾಣಿ ಅಂತಾನೆ. ಇಷ್ಟೆಲ್ಲ ತಿರುಗುವಾಗ ಪರ್ಷಿಯಾದಲ್ಲಿ ತೀರಿಹೋದ ಹೆಂಡತಿಯ ದೇಹವನ್ನು ಪೆಟ್ಟಿಗೆಯಲ್ಲಿ ಕೆಡದ ಹಾಗೆ ಇಟ್ಟುಕೊಂಡು ಜೊತೆಗೇ ಸಾಗಿಸ್ತಿದ್ದ, ರೋಮ್‌ಗೆ ಒಯ್ದು ಮಣ್ಣು ಮಾಡ್ಲಿಕ್ಕೆ. ಯಾವ ಸಿನಿಮಾದವರಿಗೂ ಈ ಕಥೆ ಕಣ್ಣಿಗೆ ಬಿದ್ದಿಲ್ಲ.

ಯಾರಾದ್ರೂ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತು ಉಂಟು ಅಂತ ಶುರು ಮಾಡುವ ಮೊದಲು ನಾನೇ ಹೇಳಿಬಿಡ್ತೇನೆ, ಶಾಮಶಾಸ್ತ್ರಿಗಳು ಉಂಟು ಅಂದದ್ದೂ ಬಾರ್ನೆಟ್ ಇಲ್ಲ ಅಂದದ್ದೂ 1926ರಲ್ಲೇ, ಜಗಳ ಇನ್ನೂ ಮುಗಿದಿಲ್ಲ. ಅದಕ್ಕೆ ಬೇರೆ ಥ್ರೆಡ್ ಮಾಡಿ, ದಯವಿಟ್ಟು.

---

ಮಸ್ಕತ್_ಮಂಜ:

ಕುಡ್ಲದವರು ಏಡನ್ ತನಕ ಬಂದ್ರು, ನಾನು ಇನ್ನೊಂಚೂರು ಮೇಲೆ ಕರ್ಕೊಂಡು ಹೋಗ್ತೀನಿ. ಮಸ್ಕತ್‌ನಲ್ಲಿ ಇರೋ ಕನ್ನಡದವ್ರೆಲ್ಲಾ ಅಲ್ ಬುಸ್ತಾನ್ ಹೋಟೆಲ್ ಹತ್ರದ ಸರ್ಕಲಲ್ಲಿ ನಿಲ್ಸಿರೋ ಮರದ ಹಡಗು ನೋಡಿರ್ತೀರಿ, ಫೋಟೋನೂ ತೆಗೆದಿರ್ತೀರಿ, ಅದರ ಕಥೆ ಎಷ್ಟು ಜನಕ್ಕೆ ಗೊತ್ತು? ಅದು ಸೊಹಾರ್. ಟಿಮ್ ಸೆವೆರಿನ್ ಅನ್ನೋರು ಒಂದೂ ಮೊಳೆ ಇಲ್ದೇ ಹಲಗೆಗಳನ್ನ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಕಟ್ಟಿಸಿ, 1980ರ ಕೊನೇಲಿ ಇಲ್ಲಿಂದ ಹೊರಟು ಮುಂದಿನ ವರ್ಷ ಚೀನಾದ ಕ್ಯಾಂಟನ್ ತಲುಪಿದ್ದು. ಪುಸ್ತಕ ದಿ ಸಿಂದ್‌ಬಾದ್ ವಾಯೇಜ್. ಯಾನಕ್ಕಿಂತ ನಂಗೆ ಇಷ್ಟ ಆಗಿದ್ದು ಮೊದಲ ಭಾಗ, ಮರ ಹುಡುಕ್ಕೊಂಡು ಮಲಬಾರಿಗೆ ಬರೋದು, ಹಡಗು ಹೊಲಿಯೋಕೆ ಲಕ್ಷದ್ವೀಪದಿಂದ ಕೆಲಸಗಾರರನ್ನ ಒಮಾನಿಗೆ ಕರೆಸೋದು. ಒಳಗೊಬ್ಬ ಹೊರಗೊಬ್ಬ ನಿಂತು ತೂತಿಂದ ತೂತಿಗೆ ಹಗ್ಗ ತೂರಿಸಿ ಬಿಗಿಯೋದನ್ನ ಎಷ್ಟು ಚೆನ್ನಾಗಿ ಬರೆದಿದಾರೆ ಅಂದ್ರೆ ಓದ್ತಾ ಓದ್ತಾ ನಮ್ಮ ಅಂಗೈ ಉರಿಯುತ್ತೆ. ಅಂಥದ್ದೇ ಹೊಲಿದ ಹಡಗು ಐಎನ್ಎಸ್‌ವಿ ಕೌಂಡಿನ್ಯ, ಅಜಂತಾದ ಚಿತ್ರ ನೋಡಿ ಮಾಡಿದ್ದು, 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲೇ ನೇವಿಗೆ ಸೇರಿಸ್ಕೊಂಡ್ರು.

ಇನ್ನೊಂದು ಅಲನ್ ವಿಲಿಯರ್ಸ್ ಅವರ ಸನ್ಸ್ ಆಫ್ ಸಿಂದ್‌ಬಾದ್, 1940. ಕುವೈತಿನ ನಖೋದಾ (ಹಡಗಿನ ಯಜಮಾನ) ನೆಜ್ದಿ ಅನ್ನೋನ ಧೋ ಅನ್ನೋ ಅರಬ್ ಹಾಯಿಹಡಗಲ್ಲಿ ಏಡನ್ನಿಂದ ಜಂಜಿಬಾರ್, ರುಫಿಜಿ ತನಕ ಹೋಗಿ ಕುವೈತಿಗೆ ವಾಪಸ್. ಇದ್ರಲ್ಲಿ ಸಂಬಳದ ಲೆಕ್ಕ ಇದೆ ನೋಡಿ ನೀವು ಕೇಳಿದ್ದು. ತಿಂಗಳ ಸಂಬಳ ಅಂತಿಲ್ಲ, ಲಾಭದಲ್ಲಿ ಪಾಲು, ಆ ಪಾಲು ಬರೋ ಮುಂಚೆನೇ ಮುಂಗಡ ತಗೊಂಡು ನಾವಿಕರು ನಖೋದಾಗೆ ಸಾಲಗಾರರು, ನಖೋದಾ ವ್ಯಾಪಾರಿಗೆ ಸಾಲಗಾರ. ಮುತ್ತು ತೆಗೆಯೋ ಮುಳುಗುಗಾರರದ್ದು ಇನ್ನೂ ಕಷ್ಟ. ಗಲ್ಫಿಗೆ ಏಜೆಂಟ್ ಹತ್ರ ಸಾಲ ಮಾಡಿ ಬಂದವ್ರು ಓದಿದ್ರೆ ಹೊಸದೇನೂ ಅನ್ಸಲ್ಲ.

---

ಧಾರವಾಡ್_ಪೇಢಾ:

ಎಲ್ಲಾರೂ ಕ್ಯಾಪ್ಟನ್ನು, ಗಡಿಯಾರ, ಸಾಹಸ ಅಂತ ಬರಿಯಾಕತ್ತೀರಿ, ಛಲೋನ ಐತಿ, ಖರೆ ಹಡಗಿನ ಇತಿಹಾಸದಾಗ ಮನಷ್ಯಾರನ್ನ ಸರಕು ಮಾಡಿ ತುಂಬಿದ್ದೂ ಐತಲ್ರೀ. ಮಾರ್ಕಸ್ ರೆಡಿಕರ್ ಬರದ ದಿ ಸ್ಲೇವ್ ಶಿಪ್, 2007ರದ್ದು, ಅದನ್ನ ಬಿಟ್ಟು ಈ ಪಟ್ಟಿ ಪೂರಾ ಆಗೂದಿಲ್ಲ. ಆಫ್ರಿಕಾದಾಗ ಸುಮಾರು 1 ಕೋಟಿ 24 ಲಕ್ಷ ಮಂದಿನ್ನ ಹಡಗು ಹತ್ತಿಸಿದ್ರು, ಅದ್ರಾಗ 18 ಲಕ್ಷ ಮಂದಿ ದಾರ್ಯಾಗ ಸತ್ರು, ಹೆಣ ಸಮುದ್ರಕ್ಕ ಒಗದ್ರು, ಶಾರ್ಕ್ ಮೀನು ಹಡಗಿನ ಬೆನ್ನ ಹಿಂದ ಹಿಂದ ಬರ್ತಿದ್ವು. ಹಡಗ ಅಂದ್ರ ತೇಲೂ ಜೈಲು, ತೇಲೂ ಕಾರ್ಖಾನಿ, ಅದ್ರಾಗ ತಯಾರಾಗೂ ಮಾಲು ಗುಲಾಮ, ಅಂತ ತೋರಸ್ತಾನ ಅಂವ. ಬಿಳೇ ನಾವಿಕರನ್ನೂ ಬಿಟ್ಟಿಲ್ಲ, ಸಾಲದಾಗ ಸಿಗಿಸಿ ಹಡಗ ಹತ್ತಿಸಿದ ಬಡವರು, ಚಾಟಿ ತಿಂದು ಜಡ್ಡಾಗಿ ಸಾಯೂ ಮಂದಿ, ಅವರ ಕೈಯಿಂದನ ಇನ್ನೊಬ್ಬರ ಮ್ಯಾಲೆ ಕ್ರೌರ್ಯ. ನಡುನಡುವ ಪುಸ್ತಕ ಮುಚ್ಚಿಡಬೇಕಾತು ನಾ.

ಗುಲಾಮಗಿರಿ ಮುಗದ ಮ್ಯಾಲೆ ನಮ್ಮ ದೇಶದ ಕೂಲಿ ಮಂದಿನ್ನ ಮಾರಿಷಸ್, ಗಯಾನಾಕ್ಕ ತುಂಬಿ ಕಳಿಸಿದ್ರಲ್ಲ, ಅದಕ್ಕ ಗಾಯಿತ್ರಾ ಬಹಾದೂರ್ ಬರದ ಕೂಲಿ ವುಮನ್ ಓದ್ರಿ, 1903ರಾಗ ಕಲ್ಕತ್ತಾದಿಂದ ಒಬ್ಬಾಕಿನ ಗಯಾನಾಕ್ಕ ಹಡಗ ಹತ್ತಿದ ತನ್ನ ಮುತ್ತಜ್ಜಿ ಜಾಡು ಹುಡಿಕ್ಕೊಂಡು ಹೋಗಿ ಬರದದ್ದು. ಕಥಿ ರೂಪದಾಗ ಬೇಕಂದ್ರ ಘೋಷ್ ಅವರದ ಸೀ ಆಫ್ ಪಾಪೀಸ್ ಐತಿ.

---

ಹಳೇ_ಸೆಕ್ಸ್ಟಂಟ್:

ಧಾರವಾಡದವರ ಮಾತಿಗೆ ಪೂರ್ತಿ ಒಪ್ಪಿಗೆ. ವಸಡು ಊದಿ ಸಾಯೋ ಸ್ಕರ್ವಿ ರೋಗದ ವಿಷಯಾನೂ ಅಷ್ಟೇ, ನಿಂಬೆ ಕಿತ್ತಳೆ ಕೊಟ್ರೆ ವಾಸಿ ಆಗುತ್ತೆ ಅಂತ ಜೇಮ್ಸ್ ಲಿಂಡ್ 1747ರಲ್ಲೇ 12 ಜನ ರೋಗಿಗಳ ಮೇಲೆ ನೋಡಿ ತೋರಿಸಿದ್ದ, ಬ್ರಿಟಿಷ್ ನೇವಿ ಎಲ್ರಿಗೂ ನಿಂಬೆ ರಸ ಕೊಡೋಕೆ ಆರ್ಡರ್ ಮಾಡಿದ್ದು 1795ರಲ್ಲಿ. ನಡುವಿನ ಸುಮಾರು 50 ವರ್ಷದಲ್ಲಿ ಸತ್ತವ್ರು ಯಾರ ಲೆಕ್ಕಕ್ಕೆ?

ಆದ್ರೆ ಪುಸ್ತಕದ ಹುಳ ಅವ್ರೇ, "ವಾದ ಬೇಡ" ಅಂದ್ರೆ ಬಿಡ್ತೀವಾ? ಕಾನ್‌ಟಿಕಿ ಓದೋಕೆ ಮಜಾ, ಒಪ್ಪಿದೆ. ಅದರ ಸಿದ್ಧಾಂತ ನಿಲ್ಲಲ್ಲ. ಪಾಲಿನೇಷ್ಯಾ ಜನ ದಕ್ಷಿಣ ಅಮೆರಿಕದಿಂದ ತೇಲ್ಕೊಂಡು ಬಂದ್ರು ಅಂತ ತೋರಿಸೋಕೆ ಹೊರಟಿದ್ದು, ಭಾಷೆ, ಉತ್ಖನನ, ಡಿಎನ್ಎ ಎಲ್ಲಾ ಹೇಳೋದು ಅವ್ರು ಏಷ್ಯಾ ಕಡೆಯಿಂದ ಗಾಳಿಗೆ ಎದುರಾಗಿ ಹೋದವ್ರು ಅಂತ. ದಕ್ಷಿಣ ಅಮೆರಿಕದ ಜೊತೆ ಸಂಪರ್ಕ ಇತ್ತು ಅಂತ ಆಮೇಲೆ ಡಿಎನ್ಎಲಿ ಕಂಡಿದೆ, ಮೂಲ ಮಾತ್ರ ಅದಲ್ಲ. ನಂಗೆ ಸಿಟ್ಟು ಬರೋದು ಏನಕ್ಕೆ ಅಂದ್ರೆ, ತೆಪ್ಪದ ಮೇಲೆ ಪ್ರವಾಹ ಕರ್ಕೊಂಡು ಹೋದ ಕಡೆ ಹೋದ್ರು ಅನ್ನೋದು ಆ ಜನರ ವಿದ್ಯೆಗೆ ಮಾಡೋ ಅವಮಾನ. ಡೇವಿಡ್ ಲೂಯಿಸ್ ಅವರ ವೀ, ದ ನ್ಯಾವಿಗೇಟರ್ಸ್ (1972) ಓದಿ. ಆ ಮನುಷ್ಯ ದಿಕ್ಸೂಚಿ ಪಕ್ಕಕ್ಕಿಟ್ಟು ದ್ವೀಪದ ನಾವಿಕರ ಜೊತೆ ಕೂತು ಕಲಿತ. ಯಾವ ನಕ್ಷತ್ರ ಎಲ್ಲಿ ಹುಟ್ಟುತ್ತೆ, ಉಬ್ಬಲೆ ಯಾವ ಕಡೆಯಿಂದ ದೋಣಿನ ಎತ್ತುತ್ತೆ, ಸಂಜೆ ಹಕ್ಕಿ ಯಾವ ದಿಕ್ಕಿಗೆ ಗೂಡಿಗೆ ಹೋಗುತ್ತೆ, ಇಷ್ಟರಲ್ಲೇ ದಾರಿ. 1976ರಲ್ಲಿ ಮೌ ಪಿಯಾಯ್ಲುಗ್ ಅನ್ನೋ ನಾವಿಕ ಹೊಕುಲೆಯಾ ಅನ್ನೋ ಜೋಡಿದೋಣಿನ ಹವಾಯಿಯಿಂದ ಟಹೀಟಿಗೆ ಒಂದೂ ಉಪಕರಣ ಇಲ್ದೇ ನಡೆಸಿ ತೋರಿಸಿಬಿಟ್ಟ. ನನ್ನ ಸೆಕ್ಸ್ಟಂಟ್ ಅವನ ಮುಂದೆ ಆಟದ ಸಾಮಾನು.

---

ಪುಸ್ತಕದ_ಹುಳ:

ಸರ್, ಸಿದ್ಧಾಂತಕ್ಕೋಸ್ಕರ ಯಾರು ಕಾನ್‌ಟಿಕಿ ಓದ್ತಾರೆ, ಬೆಳಗ್ಗೆ ಎದ್ದು ತೆಪ್ಪದ ಮೇಲೆ ತಾನಾಗೇ ಹಾರಿ ಬಿದ್ದ ಮೀನು ಹೆಕ್ಕಿ ಹುರಿದು ತಿನ್ನೋ ಪುಟಕ್ಕೋಸ್ಕರ ಓದೋದು. ಲೂಯಿಸ್ ಪುಸ್ತಕ ನೋಡಿದೀನಿ, ಪಾಠಪುಸ್ತಕದ ಥರ ಇದೆ. ಅದೇ ವಿಷಯ ಸಲೀಸಾಗಿ ಬೇಕು ಅಂದ್ರೆ ಕ್ರಿಸ್ಟಿನಾ ಥಾಮ್ಸನ್ ಅವರ ಸೀ ಪೀಪಲ್ (2019) ಇದೆ, ಹೈಯರ್‌ಡಾಲ್ ಎಲ್ಲಿ ಎಡವಿದ ಅನ್ನೋದೂ ಅದರಲ್ಲೇ ಬರುತ್ತೆ.

---

ಪಡುವಣ_ಗಾಳಿ:

ಕನ್ನಡದಲ್ಲಿ ಏನಿದೆ ಅನ್ನೋದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ ಅಂತ ಬರೀತಿದೀನಿ. ತೇಜಸ್ವಿಯವರ ಪೆಸಿಫಿಕ್ ದ್ವೀಪಗಳು, ಮಿಲೇನಿಯಂ ಸರಣಿಯದ್ದು, ಪಾಲಿನೇಷ್ಯಾ ಜಗಳ ಆಡ್ತಿರೋ ಮೇಲಿನ ಇಬ್ಬರೂ ಮೊದಲು ಅದನ್ನ ಓದ್ಬೇಕು. ಅವರದೇ ಅಲೆಮಾರಿಯ ಅಂಡಮಾನ್ ಕೂಡ ಇದೆ. ಪ್ರದೀಪ ಕೆಂಜಿಗೆ ಜೊತೆ ಮಾಡಿದ ಪ್ಯಾಪಿಲಾನ್ ಜೈಲಿನ ಕಥೆ ಅಂತ ಎಲ್ರೂ ಹೇಳ್ತಾರೆ, ತಪ್ಪಿಸ್ಕೊಂಡು ಸಣ್ಣ ದೋಣೀಲಿ ಕೆರಿಬಿಯನ್ ಸಮುದ್ರ ದಾಟೋ ಭಾಗ ಯಾವ ಸಮುದ್ರದ ಪುಸ್ತಕಕ್ಕೂ ಕಡಿಮೆ ಇಲ್ಲ, ಎಷ್ಟು ನಿಜ ಎಷ್ಟು ಬುರುಡೆ ಅನ್ನೋದು ಬೇರೆ. ವಿ.ಕೃ. ಗೋಕಾಕರು ಹಡಗಲ್ಲಿ ಇಂಗ್ಲೆಂಡಿಗೆ ಹೋದಾಗಿನ ಸಮುದ್ರಗೀತೆಗಳು 1940ರಲ್ಲಿ ಬಂತು, ಪದ್ಯ ಓದೋರಿಗೆ. ಕಾರಂತರ ಮರಳಿ ಮಣ್ಣಿಗೆಯಲ್ಲಿ ಕೋಡಿಯ ಸಮುದ್ರ ಪುಟಪುಟದಲ್ಲೂ ಇದೆ, ಆದ್ರೆ ಅದು ಅಂಗಳದಿಂದ ಕಾಣೋ ಸಮುದ್ರ, ಡೆಕ್ ಮೇಲಿಂದ ಕಾಣೋದಲ್ಲ.

ನಂಗನ್ಸೋದು ಹೇಳ್ತೀನಿ, ಬೈಬೇಡಿ. ನಮ್ಮ ತೀರದಲ್ಲಿ ನಿಜವಾಗ್ಲೂ ನೀರಿಗಿಳಿದವ್ರು ಮೊಗವೀರರು, ಖಾರ್ವಿಗಳು, ಭಟ್ಕಳದ ನವಾಯತರು, ಇವರ ಮನೆಮಾತು ತುಳು, ಕೊಂಕಣಿ, ನವಾಯತಿ. ಕನ್ನಡದಲ್ಲಿ ಪುಸ್ತಕ ಬರೆದವ್ರು ಹೆಚ್ಚಾಗಿ ಗದ್ದೆ ತೋಟದವ್ರು. ಹೀಗಾಗಿ ಮಂಗಳೂರಿನ ಬೊಮ್ಮನ ಕಥೆ ಕೈರೋದಲ್ಲಿ ಸಿಗುತ್ತೆ, ಇಕ್ಕೇರಿ ಕಥೆ ಇಟಾಲಿಯನ್ನಲ್ಲಿ ಸಿಗುತ್ತೆ. ಮಲ್ಪೆಲೋ ತದಡಿಲೋ ಹಳೇ ಮಂಜಿ (ಸರಕಿನ ಹಾಯಿದೋಣಿ) ಓಡಿಸಿದ ಅಜ್ಜಂದಿರು ಇನ್ನೂ ಇದಾರೆ, ಹೆಂಚು ತುಂಬ್ಕೊಂಡು ಹೋಗಿದ್ದು, ಮಳೆಗಾಲದಲ್ಲಿ ಮಂಜಿ ಮೇಲೆಳೆದು ಮಡಲು ಹೊದಿಸಿ ಇಡ್ತಿದ್ದದ್ದು ಎಲ್ಲಾ ಹೇಳ್ತಾರೆ, ಮೊಬೈಲಲ್ಲಿ ರೆಕಾರ್ಡ್ ಮಾಡೋಕೆ ಎಷ್ಟೊತ್ತು?

ಇತಿಹಾಸ ಬೇಕು ಅಂದ್ರೆ ಇಂಗ್ಲಿಷೇ ಗತಿ. ಸಂಜಯ್ ಸುಬ್ರಹ್ಮಣ್ಯಂ ಅವರ ದಿ ಪೊಲಿಟಿಕಲ್ ಇಕಾನಮಿ ಆಫ್ ಕಾಮರ್ಸ್ (1990) ದಲ್ಲಿ ಬಸ್ರೂರು, ಮಂಗಳೂರು, ಹೊನ್ನಾವರದ ಅಕ್ಕಿ ವ್ಯಾಪಾರ ವಿವರವಾಗಿದೆ, ಕೆನರಾ ಅಕ್ಕಿ ಬರ್ದಿದ್ರೆ ಪೋರ್ಚುಗೀಸರ ಗೋವಾ ಉಪವಾಸ. ಓದೋಕೆ ಸ್ವಲ್ಪ ಒಣ. ರಾಧಾಕುಮುದ ಮುಖರ್ಜಿ ಅವರ ಇಂಡಿಯನ್ ಶಿಪ್ಪಿಂಗ್ ಯಾರಾದ್ರೂ ಹೇಳೇ ಹೇಳ್ತಾರೆ, 1912ರದ್ದು, ನಮಗೂ ಹಡಗಿತ್ತು ಅಂತ ಬ್ರಿಟಿಷರ ಮುಂದೆ ಎದೆ ತಟ್ಟಿ ಹೇಳೋಕೆ ಬರೆದಿದ್ದು, ಆ ಕಾಲಕ್ಕೆ ಅದು ಬೇಕಿತ್ತು, ಈಗ ಪ್ರತಿ ಸಾಲು ನಂಬ್ಕೊಂಡು ಹೋಗೋಕಾಗಲ್ಲ.

---

ಮಲೆನಾಡ್_ಮಳೆ:

ಅಬ್ಬಾ, ಇಷ್ಟೊಂದು ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಸ್ಲೋಕಮ್ ರಾತ್ರಿನೇ ಡೌನ್‌ಲೋಡ್ ಮಾಡಿ ಶುರು ಮಾಡ್ದೆ, ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೊ ಹತ್ರ ರಾತ್ರಿ ಕಳ್ಳರು ಬರ್ತಾರೆ ಅಂತ ಡೆಕ್ ಮೇಲೆಲ್ಲಾ ಕಾರ್ಪೆಟ್ ಮೊಳೆ ಹರಡಿ ಮಲಗೋ ಭಾಗಕ್ಕೆ ಬಂದಿದೀನಿ, ಬರಿಗಾಲಲ್ಲಿ ಹತ್ತಿದವ್ರ ಕೂಗು ಕೇಳಿ ಎದ್ದನಂತೆ 😂 ಆಮೇಲೆ ಘೋಷ್. ಸ್ಲೇವ್ ಶಿಪ್ ಓದೋ ಧೈರ್ಯ ಬಂದಾಗ ಓದ್ತೀನಿ.

ಕುಡ್ಲದವರೇ ಒಂದು ಪ್ರಶ್ನೆ, ದೆಲ್ಲಾ ವಾಲೆ ಪುಸ್ತಕ ಆನ್‌ಲೈನಲ್ಲಿ ಸಿಕ್ತು, 1892ರ ಇಂಗ್ಲಿಷ್ ಆವೃತ್ತಿ, ಹೊನ್ನಾವರ ಅಂತ ಸರ್ಚ್ ಕೊಟ್ರೆ ಏನೂ ಬರ್ತಿಲ್ಲ. ನಾನು ತಗೊಂಡಿದ್ದು ಬೇರೆ ಪುಸ್ತಕನಾ?

---

ಕುಡ್ಲದ_ಓದುಗ:

ಅದೇ ಪುಸ್ತಕ, ಸರಿ ಉಂಟು. ಹೊನ್ನಾವರ ಅಂತ ಹುಡುಕಬೇಡಿ, ಓನೋರ್ ಅಂತ ಹುಡುಕಿ. ಹಳೆ ಪೋರ್ಚುಗೀಸ್ ಪುಸ್ತಕಗಳಲ್ಲಿ ಭಟ್ಕಳ ಬಟ್ಟಿಕಲಾ, ಬಸ್ರೂರು ಬಾರ್ಸೆಲೋರ್ ಆಗಿರ್ತದೆ. ಇಕ್ಕೇರಿ ಮಾತ್ರ ಇಕ್ಕೇರಿಯೇ, ಪತ್ರಗಳಿಗೆ ತಾರೀಖು ಉಂಟು, 1623ರ ಅಕ್ಟೋಬರ್ ಕೊನೆಯಿಂದ ಹಿಡ್ಕೊಂಡು ಓದ್ತಾ ಹೋಗಿ. ಸಂಪುಟ ಎರಡು ಉಂಟು, ಮೊದಲನೆಯದರಲ್ಲಿ ಸೂರತ್, ಗೋವಾ ಕಡೆಯದ್ದೇ ಹೆಚ್ಚು, ನೀವು ಅದನ್ನೇ ಇಳಿಸ್ಕೊಂಡಿದ್ದೀರೋ ಏನೋ ಒಮ್ಮೆ ನೋಡಿ.